ಸೊಂಟನೋವು ಮತ್ತು ದೈನಂದಿನ ಚಟುವಟಿಕೆಯ ಅಳತೆ

ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಪೃಷ್ಠದ ಮಡಿಕೆಯವರೆಗಿನ ಭಾಗದಲ್ಲಿ ಕಾಣಿಸುವ ನೋವನ್ನು ವೈದ್ಯರು ಕೆಳಬೆನ್ನು ನೋವು ಎನ್ನುತ್ತಾರೆ. ಜನರ ಮಾತಿನಲ್ಲಿ ಅದು ಸೊಂಟನೋವು, ನಡುನೋವು, ಇಲ್ಲವೆ ‘ಸೊಂಟ ಹಿಡ್ಕೊಂಡಿದೆ’. ಈ ನೋವು ಒಬ್ಬರ ದಿನದ ಕೆಲಸವನ್ನು ಎಷ್ಟು ತಡೆದಿದೆ ಎಂಬುದನ್ನು ಪ್ರಶ್ನಾವಳಿಯಿಂದ ತಿಳಿದು ಅಂಕಿಯಲ್ಲಿ ಹೇಳುವ ಕ್ರಮವೇ ಇಲ್ಲಿನ ವಿಷಯ. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಈ ನೋವು ಇತ್ತೆಂದು ಅಂದಾಜು.

ಸ್ಕ್ಯಾನ್ ಚಿತ್ರ ನೋಡಿ ಕಷ್ಟವನ್ನು ಅಳೆಯಲಾಗದು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 20 ವರ್ಷದವರಲ್ಲಿ ಶೇ. 37 ಮಂದಿಗೂ 80 ವರ್ಷದವರಲ್ಲಿ ಶೇ. 96 ಮಂದಿಗೂ ಡಿಸ್ಕ್ ಸವೆತ ಕಂಡಿತ್ತು. ‘ಡಿಸ್ಕ್ ಸವೆದಿದೆ’ ಎಂಬ ವರದಿ ಹಿಡಿದು ಹೆದರಿ ಕೂತವರಿಗೆ ಈ ಸಂಗತಿಯನ್ನು ಮೊದಲು ತಿಳಿಸಬೇಕು. ಏನು ಮಾಡಲಾಗುತ್ತಿದೆ, ಏನು ಆಗುತ್ತಿಲ್ಲ ಎಂಬುದನ್ನು ಅವರನ್ನೇ ಕೇಳಬೇಕು.

ಹಾಗೆ ಕೇಳುವ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಸ್ವೆಸ್ಟ್ರಿ ಸೂಚ್ಯಂಕ. ಇಂಗ್ಲೆಂಡಿನ ಆಸ್ವೆಸ್ಟ್ರಿ ಪಟ್ಟಣದ ಮೂಳೆ ಆಸ್ಪತ್ರೆಯಲ್ಲಿ ರೂಪುಗೊಂಡ ಇದನ್ನು ಜೆರೆಮಿ ಫೇರ್‌ಬ್ಯಾಂಕ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ನೋವಿನ ತೀವ್ರತೆ, ಸ್ವಂತ ಆರೈಕೆ, ಭಾರ ಎತ್ತುವುದು, ನಡಿಗೆ, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ ಸುಖ, ಜನರೊಡನೆ ಬೆರೆಯುವುದು, ಪ್ರಯಾಣ ಎಂಬ 10 ವಿಭಾಗಗಳಿವೆ. ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ. ಮೊತ್ತವನ್ನು 50ರಿಂದ ಭಾಗಿಸಿ ಶೇಕಡಾ ಲೆಕ್ಕ ಹಾಕುತ್ತಾರೆ. ಶೇ. 20ರವರೆಗೆ ಅಲ್ಪ, 40ರವರೆಗೆ ಮಧ್ಯಮ, 60ರವರೆಗೆ ತೀವ್ರ ತೊಂದರೆ. ಅದಕ್ಕೂ ಮೇಲೆ ಬದುಕೇ ನೋವಿನ ಸುತ್ತ ತಿರುಗುತ್ತಿದೆ ಎಂದರ್ಥ.

ದಾಂಪತ್ಯದ ಪ್ರಶ್ನೆಗೆ ಅನೇಕರು ಸಂಕೋಚದಿಂದ ಉತ್ತರಿಸುವುದಿಲ್ಲ. ಅದನ್ನು ಸೊನ್ನೆಯೆಂದು ಹಿಡಿದರೆ ಲೆಕ್ಕ ತಪ್ಪುತ್ತದೆ. ಉಳಿದ 9 ವಿಭಾಗಗಳಲ್ಲಿ 16 ಅಂಕ ಬಂದಿದ್ದರೆ 45ರಿಂದ ಭಾಗಿಸಬೇಕು: ಶೇ. 36 ಹತ್ತಿರ ಬರುತ್ತದೆ, 32 ಅಲ್ಲ.

1983ರಲ್ಲಿ ಮಾರ್ಟಿನ್ ರೋಲೆಂಡ್ ಮತ್ತು ರಿಚರ್ಡ್ ಮಾರಿಸ್ ಪ್ರಕಟಿಸಿದ ಪ್ರಶ್ನಾವಳಿ ಇನ್ನೂ ಸರಳ. ಇದರಲ್ಲಿ 24 ವಾಕ್ಯಗಳಿವೆ. ಇವತ್ತಿನ ಸ್ಥಿತಿಗೆ ಒಪ್ಪುವುದಕ್ಕೆ ಗುರುತು ಹಾಕಿದರಾಯಿತು. 1995ರ ಕ್ವಿಬೆಕ್ ಮಾಪಕದಲ್ಲಿ 20 ಪ್ರಶ್ನೆಗಳಿವೆ.

ಪೂರ್ವ ಬೆಂಗಳೂರಿನ ದೊಮ್ಮಲೂರಿನಲ್ಲಿ ಈ ಪಟ್ಟಿಗಳನ್ನು ಓದಿ ನೋಡಿದರೆ ಅವುಗಳ ಬಲವೂ ಕೊರತೆಯೂ ತಿಳಿಯುತ್ತವೆ. ಆಸ್ವೆಸ್ಟ್ರಿ ಪ್ರಯಾಣವನ್ನು ದೂರದಲ್ಲಲ್ಲ, ಹೊತ್ತಿನಲ್ಲಿ ಕೇಳುತ್ತದೆ: ಎರಡು ಗಂಟೆಗೂ ಹೆಚ್ಚೋ, ಒಂದು ಗಂಟೆಯೊಳಗೋ, ಅರ್ಧ ಗಂಟೆಯೋ. ಹಳೆ ವಿಮಾನ ನಿಲ್ದಾಣ ರಸ್ತೆಯ ದಟ್ಟಣೆಯಲ್ಲಿ ಓಡಾಡುವವರಿಗೆ ಇದು ತಕ್ಕ ಪ್ರಶ್ನೆಯೇ. ನಡಿಗೆಯನ್ನು ಮಾತ್ರ ಮೈಲಿಯಲ್ಲಿ ಕೇಳುತ್ತದೆ. ಇಲ್ಲಿನ ಹಿರಿಯರಿಗೆ ಬಸ್ ನಿಲ್ದಾಣದಿಂದ ಚೊಕ್ಕನಾಥಸ್ವಾಮಿ ದೇವಸ್ಥಾನದವರೆಗೆ ನಡೆಯಬಲ್ಲಿರಾ, ಅಲ್ಲಿ ಬಗ್ಗಿ ನಮಸ್ಕರಿಸಬಲ್ಲಿರಾ ಎಂದರೆ ಬೇಗ ತಿಳಿಯುತ್ತದೆ. ಗಾಲ್ಫ್ ಲಿಂಕ್ಸ್ ಬಳಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂರುವವರ ಕಷ್ಟ ಪಟ್ಟಿಯಲ್ಲಿದೆ. ಅದೇ ಕಚೇರಿಯ ನೆಲ ಒರೆಸುವವರ ಕುಕ್ಕರಗಾಲು ಅದರಲ್ಲಿಲ್ಲ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, 20 ಲೀಟರ್ ನೀರಿನ ಕ್ಯಾನ್ ಹೊತ್ತು ಮೆಟ್ಟಿಲೇರುವುದು, ಸ್ಕೂಟರಿನಲ್ಲಿ ಹಂಪ್ ದಾಟುವುದು ಇವೂ ಇಲ್ಲ. ರೋಲೆಂಡ್-ಮಾರಿಸ್ ಕಾಲುಚೀಲ ಹಾಕಿಕೊಳ್ಳುವ ತೊಂದರೆಯನ್ನು ವಿಚಾರಿಸುತ್ತದೆ. ದಿನವೂ ಚಪ್ಪಲಿ ಮೆಟ್ಟುವವರು ಅದಕ್ಕೆ ಏನು ಹೇಳಿಯಾರು?

ಆದ್ದರಿಂದ ಪದಕ್ಕೆ ಪದ ಅನುವಾದ ಸಾಲದು. 2000ದಲ್ಲಿ ಪ್ರಕಟವಾದ ಮಾರ್ಗಸೂಚಿಯಂತೆ ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ, ಎರಡನ್ನೂ ಕೂಡಿಸಿ, ಮತ್ತಿಬ್ಬರು ಮೂಲ ಭಾಷೆಗೆ ತಿರುಗಿಸಿ, ತಜ್ಞರ ಸಮಿತಿ ಪರಿಶೀಲಿಸಿದ ಮೇಲೆ 30ರಿಂದ 40 ಮಂದಿಯ ಮೇಲೆ ಪರೀಕ್ಷಿಸಬೇಕು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಈ ಭಾಗದಲ್ಲಿ, ಓದಲು ಬಾರದವರಿಗೆ ಪ್ರಶ್ನೆಯನ್ನು ಅವರ ಮನೆಮಾತಿನಲ್ಲಿ ಓದಿ ಹೇಳುವುದೂ ಅಳತೆಯ ಭಾಗವೇ.

ಕೊರತೆ ತುಂಬಲು ಇನ್ನೊಂದು ಸುಲಭ ದಾರಿಯಿದೆ. 1995ರಲ್ಲಿ ಬಂದ ರೋಗಿನಿರ್ದಿಷ್ಟ ಮಾಪಕದಲ್ಲಿ ತನಗೆ ಮುಖ್ಯವಾದ, ಈಗ ಕಷ್ಟವಾಗಿರುವ ಮೂರರಿಂದ ಐದು ಕೆಲಸಗಳನ್ನು ರೋಗಿಯೇ ಹೆಸರಿಸಿ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಫಿಸಿಯೋಥೆರಪಿಗೆ ಬಂದವರು ‘ನೆಲ ಒರೆಸೋದು’ ಎಂದರೆ ಅಳತೆ ಅಲ್ಲಿಂದಲೇ ಶುರು. ಆಸ್ವೆಸ್ಟ್ರಿಯ ಜೊತೆಗೆ ಇದನ್ನೂ ಬಳಸುವುದು ನಮ್ಮ ಊರುಗಳಿಗೆ ಹೆಚ್ಚು ಹೊಂದುತ್ತದೆ.

ಚಿಕಿತ್ಸೆಯ ಮೊದಲೂ ನಂತರವೂ ಒಂದೇ ಪ್ರಶ್ನಾವಳಿ ಬಳಸಬೇಕು. ಆಸ್ವೆಸ್ಟ್ರಿಯಲ್ಲಿ ಸುಮಾರು 10 ಅಂಕ, ರೋಲೆಂಡ್-ಮಾರಿಸ್‌ನಲ್ಲಿ 5, ಅಥವಾ ಮೊದಲಿನ ಅಂಕದ ಶೇ. 30 ಇಳಿದರೆ ರೋಗಿಯ ಅನುಭವಕ್ಕೆ ಬರುವ ಸುಧಾರಣೆ ಎನ್ನುತ್ತಾರೆ.

ಆಸ್ವೆಸ್ಟ್ರಿಯ ಶೇಕಡಾವಾರಿಗೂ ಸರ್ಕಾರಿ ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಸಂಬಂಧವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಸೊಂಟನೋವು ಇಲ್ಲ, ಕಾಯ್ದೆಯ ಶೇ. 40ರ ವೈಕಲ್ಯ ಮಿತಿ ಮುಟ್ಟಿದೆಯೇ ಎಂಬುದನ್ನು ಅಧಿಕೃತ ವೈದ್ಯಕೀಯ ಪ್ರಾಧಿಕಾರ ಬೇರೆಯೇ ಮಾರ್ಗಸೂಚಿಯಂತೆ ನಿರ್ಧರಿಸುತ್ತದೆ. ಆಸ್ವೆಸ್ಟ್ರಿಯ ಶೇ. 40 ಹಿಡಿದು ಪ್ರಮಾಣಪತ್ರ ಕೇಳಲು ಬರುವುದಿಲ್ಲ.