ಪೈಲಟ್ ಯೂನಿಫಾರ್ಮ್ ಇದ್ದರೆ ಕಾಕ್‌ಪಿಟ್‌ನಲ್ಲಿ ಕೂತು ಹೋಗಬಹುದೇ? ಜಂಪ್‌ಸೀಟ್ ಬಗ್ಗೆ ನಿಜ ಸಂಗತಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ದುಬೈ, ದಮ್ಮಾಮ್‌ಗೆ ಯಾರೂ ಹೋಗದ ಊರು ಸಿಗುವುದು ಕಷ್ಟ. ಹಾಗಾಗಿ ಇಲ್ಲಿನ ಫ್ಯಾಮಿಲಿ ಗ್ರೂಪುಗಳಲ್ಲಿ ವಿಮಾನದ ಬಗ್ಗೆ ಬರುವ ಮೆಸೇಜುಗಳಿಗೆ ಬರವಿಲ್ಲ. ಇವುಗಳ ಜೊತೆ ಎರಡು ನಂಬಿಕೆಗಳೂ ಓಡಾಡುತ್ತಿರುತ್ತವೆ. ಫ್ಲೈಟ್ ಫುಲ್ ಆಗಿದ್ದರೂ ಪೈಲಟ್ ಪರಿಚಯ ಇದ್ದರೆ ಕಾಕ್‌ಪಿಟ್‌ನ ಎಕ್ಸ್‌ಟ್ರಾ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ ಎಂಬುದು ಒಂದು. ಪೈಲಟ್ ಡ್ರೆಸ್ ಹಾಕಿದವರನ್ನು ಯಾರೂ ಚೆಕ್ ಮಾಡುವುದಿಲ್ಲ ಎಂಬುದು ಇನ್ನೊಂದು.

ಎಕ್ಸ್‌ಟ್ರಾ ಸೀಟು ಇರುವುದು ನಿಜ. ಉಳಿದದ್ದು ಸುಳ್ಳು.

ಆ ಸೀಟಿನ ಹೆಸರು ಜಂಪ್‌ಸೀಟ್. ಬೋಯಿಂಗ್ 737, ಏರ್‌ಬಸ್ ಎ320 ಥರದ ವಿಮಾನಗಳಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಒಂದೋ ಎರಡೋ ಮಡಚುವ ಸೀಟುಗಳಿರುತ್ತವೆ. ಪೈಲಟ್‌ಗಳ ಕೆಲಸ ಪರೀಕ್ಷಿಸಲು ಬರುವ ಡಿಜಿಸಿಎ ಇನ್‌ಸ್ಪೆಕ್ಟರ್, ತರಬೇತಿಯಲ್ಲಿರುವ ಪೈಲಟ್, ಕಂಪನಿಯೇ ಅಧಿಕೃತವಾಗಿ ಕಳಿಸಿದ ಸಿಬ್ಬಂದಿ ಇಂಥವರಿಗಾಗಿ ಅದು ಇರುವುದು. ಆ ಸೀಟನ್ನು ಯಾರಿಗೂ ಮಾರುವುದಿಲ್ಲ. ರಂಜಾನ್ ಹೊತ್ತಿಗೆ, ಮೇ ರಜೆಯಲ್ಲಿ ಟಿಕೆಟ್ ದರ ಗಗನಕ್ಕೇರಿದಾಗ ಯಾರಾದರೂ 'ಜಂಪ್‌ಸೀಟ್ ಟಿಕೆಟ್ ಮಾಡಿಸಿಕೊಡುತ್ತೇನೆ, ಅಡ್ವಾನ್ಸ್ ಗೂಗಲ್ ಪೇ ಮಾಡಿ' ಎಂದರೆ ಅದು ಮೋಸ. ಒಂದು ರೂಪಾಯಿಯೂ ಕಳಿಸಬೇಡಿ.

ಪೈಲಟ್‌ನ ಪರಿಚಯವೇ ಸಾಕೆ?

ಸಾಲದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2023ರ ಫೆಬ್ರವರಿ 27ರಂದು ದುಬೈ–ದೆಹಲಿ ಏರ್ ಇಂಡಿಯಾ ವಿಮಾನದ ಪೈಲಟ್ ತನ್ನ ಪರಿಚಯದ ಮಹಿಳೆಯನ್ನು ಹಾರಾಟದ ನಡುವೆ ಕಾಕ್‌ಪಿಟ್ ಒಳಗೆ ಬಿಟ್ಟುಕೊಂಡಿದ್ದರು. ಆಕೆ ಹೊರಗಿನವರೂ ಅಲ್ಲ, ಅದೇ ಸಂಸ್ಥೆಯ ಸಿಬ್ಬಂದಿ, ಅಂದು ಪ್ರಯಾಣಿಕರಾಗಿ ಬಂದಿದ್ದರು. ಆದರೂ ಡಿಜಿಸಿಎ ಆ ವರ್ಷ ಮೇ ತಿಂಗಳಲ್ಲಿ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಪೈಲಟ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು. ಸಂಸ್ಥೆಯ ನೌಕರರಿಗೇ ಈ ಗತಿಯಾದರೆ ನಮ್ಮ ನಿಮ್ಮ ಪರಿಚಯ ಯಾವ ಲೆಕ್ಕ?

ಹಾಗಾದರೆ ನಿಜವಾದ ಪೈಲಟ್ ಬಂದು ಜಂಪ್‌ಸೀಟ್ ಕೇಳಿದರೆ ಏನೇನು ತೋರಿಸಬೇಕು? ಅಮೆರಿಕದಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವ ಪೈಲಟ್‌ಗಳು ಬೇರೆ ಕಂಪನಿಯ ವಿಮಾನದ ಜಂಪ್‌ಸೀಟಿನಲ್ಲಿ ಹೋಗುವುದು ದಿನನಿತ್ಯದ ಸಂಗತಿ. ಅಲ್ಲಿ ಕಂಪನಿ ಐಡಿ, ಪೈಲಟ್ ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್ ತೋರಿಸಿದರೂ ಮುಗಿಯಲಿಲ್ಲ. ಗೇಟಿನ ಸಿಬ್ಬಂದಿ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಆ ಪೈಲಟ್ ಇವತ್ತಿಗೂ ಅದೇ ಕಂಪನಿಯಲ್ಲಿ ಕೆಲಸದಲ್ಲಿದ್ದಾರೆಯೇ ಎಂಬುದು ಫೋಟೋ ಸಮೇತ ಸ್ಕ್ರೀನ್ ಮೇಲೆ ಬರಬೇಕು. ಈ ವ್ಯವಸ್ಥೆಗೆ 'ಕಾಸ್' ಎನ್ನುತ್ತಾರೆ. ಇಷ್ಟೆಲ್ಲ ಸರಿ ಇದ್ದರೂ ಕ್ಯಾಪ್ಟನ್ ಬೇಡ ಎಂದರೆ ಬೇಡ.

ಕಾರ್ಡ್ ಅಸಲಿಯೇ ಇದ್ದರೂ ಕಂಪ್ಯೂಟರ್ ಯಾಕೆ ನೋಡಬೇಕು ಎಂದು ಕೇಳಬಹುದು. ಉತ್ತರ 1987ರ ಡಿಸೆಂಬರ್ 7ರಂದು ಕ್ಯಾಲಿಫೋರ್ನಿಯಾದಲ್ಲಿದೆ. ಕೆಲಸದಿಂದ ತೆಗೆದು ಹಾಕಲ್ಪಟ್ಟ ಯುಎಸ್‌ಏರ್ ಸಂಸ್ಥೆಯ ಒಬ್ಬ ನೌಕರ ವಾಪಸ್ ಕೊಡದೆ ಇಟ್ಟುಕೊಂಡಿದ್ದ ಐಡಿ ತೋರಿಸಿ, ತಪಾಸಣೆ ತಪ್ಪಿಸಿಕೊಂಡು, ಪಿಸ್ತೂಲಿನೊಂದಿಗೆ ಪಿಎಸ್‌ಎ 1771 ವಿಮಾನ ಹತ್ತಿದ. ಆತ ಪೈಲಟ್ ಅಲ್ಲ, ಕೂತದ್ದು ಪ್ರಯಾಣಿಕರ ಸೀಟಿನಲ್ಲಿ. ಕಾಕ್‌ಪಿಟ್‌ಗೆ ನುಗ್ಗಿ ಪೈಲಟ್‌ಗಳಿಗೆ ಗುಂಡು ಹಾರಿಸಿದ. ವಿಮಾನದಲ್ಲಿದ್ದ 43 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದಾದ ಮೇಲೆ ಕೆಲಸ ಬಿಟ್ಟವರ ಐಡಿಯನ್ನು ಕೂಡಲೇ ಕಸಿದುಕೊಳ್ಳಬೇಕು, ಸಿಬ್ಬಂದಿಯನ್ನೂ ಪ್ರಯಾಣಿಕರಂತೆ ತಪಾಸಣೆ ಮಾಡಬೇಕು ಎಂಬ ನಿಯಮಗಳು ಬಂದವು.

ಆದರೆ ಗುರುತು ಪತ್ರಕ್ಕೂ ಒಂದು ಮಿತಿ ಇದೆ. 2023ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಹೊರೈಜನ್ ಏರ್ ವಿಮಾನದ ಜಂಪ್‌ಸೀಟಿನಲ್ಲಿದ್ದವರು ಅಸಲಿ ಪೈಲಟ್, ದಾಖಲೆಗಳೆಲ್ಲ ಸರಿ ಇದ್ದವು. ನಡು ಆಕಾಶದಲ್ಲಿ ಅವರು ಎರಡೂ ಎಂಜಿನ್ ಬಂದ್ ಆಗುವಂತಹ ಹಿಡಿಗಳನ್ನು ಎಳೆಯಲು ಹೋದರು. ಪೈಲಟ್‌ಗಳು ತಡೆದು ವಿಮಾನವನ್ನು ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಸಿದರು. ಬಂದವರು ಯಾರು ಎಂದು ಕಾರ್ಡ್ ಹೇಳುತ್ತದೆ, ಅವರ ಮನಸ್ಸಿನಲ್ಲಿ ಏನಿದೆ ಎಂದು ಹೇಳುವುದಿಲ್ಲ. ಕ್ಯಾಪ್ಟನ್‌ಗೆ ಕೊನೆಯ ಮಾತು ಬಿಟ್ಟಿರುವುದು ಸರಿ ಎಂದೇ ನಮ್ಮ ಅಭಿಪ್ರಾಯ.

ಯೂನಿಫಾರ್ಮ್ ಹಾಕಿದರೆ ಯಾರೂ ಕೇಳುವುದಿಲ್ಲವೇ?

ಈ ನಂಬಿಕೆಯ ಮೂಲ ಬಹುಶಃ 2002ರ 'ಕ್ಯಾಚ್ ಮಿ ಇಫ್ ಯು ಕ್ಯಾನ್' ಸಿನಿಮಾ. ಪ್ಯಾನ್ ಆ್ಯಮ್ ಯೂನಿಫಾರ್ಮ್ ಹಾಕಿ ಬಿಟ್ಟಿಯಾಗಿ ಹಾರಿದ ಹುಡುಗನ 'ನಿಜ ಕತೆ' ಅದು. ಜೈಲು ದಾಖಲೆಗಳನ್ನು ತೆಗೆದು ನೋಡಿದವರು ಹೇಳುವಂತೆ, ಹಾರಾಡಿದೆ ಎಂದು ಆತ ಹೇಳಿಕೊಂಡ ಕಾಲದ ದೊಡ್ಡ ಭಾಗವನ್ನು ಕಳೆದದ್ದು ಜೈಲಿನಲ್ಲಿ. ದೆಹಲಿಯಲ್ಲಿ 2019ರ ನವೆಂಬರ್‌ನಲ್ಲಿ ಲುಫ್ತಾನ್ಸಾ ಕ್ಯಾಪ್ಟನ್ ವೇಷದ ಒಬ್ಬನನ್ನು, 2024ರ ಏಪ್ರಿಲ್‌ನಲ್ಲಿ ಸಿಂಗಾಪುರ್ ಏರ್‌ಲೈನ್ಸ್ ಪೈಲಟ್ ವೇಷದ ಮತ್ತೊಬ್ಬನನ್ನು ಹಿಡಿದರು. ಎರಡನೆಯವನು ಐಡಿ ಕಾರ್ಡನ್ನು ಮೊಬೈಲ್ ಆ್ಯಪ್‌ನಲ್ಲಿ ಮಾಡಿಕೊಂಡಿದ್ದ! ಇಬ್ಬರೂ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದರು, ಕಾಕ್‌ಪಿಟ್ ತನಕ ಹೋಗಲಿಲ್ಲ.

ಭಾರತದಲ್ಲಿ ಪೈಲಟ್‌ಗೆ ಕಂಪನಿ ಐಡಿ ಮಾತ್ರ ಸಾಲದು. ಬಿಸಿಎಎಸ್ ಎಂಬ ಕೇಂದ್ರ ಭದ್ರತಾ ಸಂಸ್ಥೆ ಕೊಡುವ ಏರ್‌ಪೋರ್ಟ್ ಎಂಟ್ರಿ ಪರ್ಮಿಟ್ ಬೇಕು. ಪೈಲಟ್ ಲೈಸೆನ್ಸ್ 2025ರ ಫೆಬ್ರವರಿಯಿಂದ ಎಲೆಕ್ಟ್ರಾನಿಕ್ ರೂಪದಲ್ಲೂ ಬರುತ್ತಿದೆ, ಚೀನಾ ಬಿಟ್ಟರೆ ಇದನ್ನು ತಂದ ಎರಡನೇ ದೇಶ ನಮ್ಮದು. ಬಜ್ಪೆಯಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಕ್ಯಾಪ್ಟನ್ ಬ್ಯಾಗನ್ನೂ ಸ್ಕ್ಯಾನ್ ಮಾಡಿಯೇ ಒಳಗೆ ಬಿಡುತ್ತಾರೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಬಿ.ಸಿ.ರೋಡ್, ಪೊಳಲಿ ದಾಟಿಯೋ, ಮೂಡುಬಿದಿರೆಯಿಂದ ಕೈಕಂಬ ಮೂಲಕವೋ ಬಜ್ಪೆ ತಲುಪಿದ ಮೇಲೆ ಐಡಿ ಮನೆಯಲ್ಲಿ ಉಳಿದಿದೆ ಎಂದು ಗೊತ್ತಾದರೆ ತಿರುಗಿ ಹೋಗಿ ಬರುವಷ್ಟು ಹೊತ್ತು ಇರುವುದಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಆಧಾರ್, ವೋಟರ್ ಐಡಿ, ಪಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಇವುಗಳಲ್ಲಿ ಒಂದರ ಒರಿಜಿನಲ್ ಸಾಕು. ಎಂ-ಆಧಾರ್ ಆ್ಯಪ್ ತೆರೆದು ತೋರಿಸಿದರೂ ನಡೆಯುತ್ತದೆ, ಝೆರಾಕ್ಸ್ ನಂಬಿಕೊಂಡು ಹೋಗಬೇಡಿ. ಟಿಕೆಟ್‌ನಲ್ಲಿರುವ ಹೆಸರು ಐಡಿಯಲ್ಲಿರುವಂತೆಯೇ ಇದೆಯೇ ಎಂದು ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಐಡಿ ಇರುವ ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳಿಗೆ ಗೇಟಿನಲ್ಲಿ ಬೇರೆ ಐಡಿ ಬೇಡ. ದುಬೈ, ದೋಹಾಕ್ಕೆ ಹೊರಟರೆ ಮಾತ್ರ ಕೈಕೂಸಿಗೂ ಪಾಸ್‌ಪೋರ್ಟ್ ಬೇಕೇ ಬೇಕು.