ಬರೆಯುವ ಕೀಲಿ, ಆಳುವ ಕೀಲಿ: ವಿನ್ಯಾಸ ತಂತ್ರಾಂಶಗಳಲ್ಲಿ ಕನ್ನಡದ ಚರಿತ್ರೆ, ಅಣ್ಣಿಗೇರಿಯಿಂದ ಒಂದು ನೋಟ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿರುವ ಅಣ್ಣಿಗೇರಿ ಹಳಗನ್ನಡದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವೂ ಆದಿಕವಿ ಪಂಪನ ನೆನಪೂ ಈ ಊರಿನ ಹೆಸರಿಗೆ ಬೆಸೆದುಕೊಂಡಿವೆ. ಇಲ್ಲಿನ ಡಿಟಿಪಿ ಅಂಗಡಿಯೊಂದರಲ್ಲಿ ಪಂಪನ ಹೆಸರಿನ ಸಮಾರಂಭಕ್ಕೆ ಫ್ಲೆಕ್ಸ್ ಸಿದ್ಧವಾಗುತ್ತಿದೆ ಎಂದು ಭಾವಿಸೋಣ. ಅದರಲ್ಲಿ 'ಬಾೞ್' ಎಂಬ ಪದವನ್ನು ಹಳೆಯ ಕಾಗುಣಿತದಲ್ಲೇ ಅಚ್ಚು ಮಾಡಬೇಕಾಗಿದೆ. ಲಗ್ನಪತ್ರಿಕೆಯನ್ನೂ ಜಾತ್ರೆಯ ಬ್ಯಾನರನ್ನೂ ಕಣ್ಣುಮುಚ್ಚಿ ಮುಗಿಸಬಲ್ಲ ಕೈಗಳು ಈ ಒಂದು ಅಕ್ಷರದ ಮುಂದೆ ನಿಲ್ಲುತ್ತವೆ. ೞಕಾರಕ್ಕೆ ಕೀಲಿ ಯಾವುದು? ಕೀಲಿ ಸಿಕ್ಕರೂ ಅಕ್ಷರ ಮೂಡೀತೆ? ಮೂಡಿದರೂ ಒತ್ತಕ್ಷರ ಸರಿಯಾಗಿ ಕೂತೀತೆ? ಈ ಮೂರೂ ಪ್ರಶ್ನೆಗಳಿಗೆ ಬೇರೆ ಬೇರೆ ಚರಿತ್ರೆಗಳಿವೆ. ಅವು ಸಂಧಿಸುವ ಬಗೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಚಿತ್ರ ಮತ್ತು ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಕೀಲಿಮಣೆ ಎರಡು ಕೆಲಸಗಳನ್ನು ಮಾಡುತ್ತದೆ. ಪಠ್ಯದ ಚೌಕದೊಳಗೆ ಅದು ಬರೆಯುತ್ತದೆ, ಹೊರಗೆ ಆಜ್ಞಾಪಿಸುತ್ತದೆ. ಫೋಟೊಶಾಪಿನಲ್ಲಿ 'ಬಿ' ಒತ್ತಿದರೆ ಕುಂಚ ಕೈಗೆ ಬರುತ್ತದೆ. ಗಿಂಪ್‌ನಲ್ಲಿ ಅದೇ ಕೆಲಸಕ್ಕೆ 'ಪಿ' ಒತ್ತಬೇಕು. ಈ ಒಂಟಿ ಅಕ್ಷರದ ಆಜ್ಞೆಗಳು ಬಹುಮಟ್ಟಿಗೆ ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಹಾಗಾಗಿ ಕನ್ನಡದಲ್ಲಿ ಬರೆಯುವವನು ಕನ್ನಡದಲ್ಲಿ ಬರೆದು ಇಂಗ್ಲಿಷಿನಲ್ಲಿ ಆಳಬೇಕು. ಅಂಗಡಿಗಳಲ್ಲಿ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಈ ಎರಡು ಪಾತ್ರಗಳು ಒಂದರ ಮೇಲೊಂದು ಬಿದ್ದಾಗ ಹುಟ್ಟಿದವು ಎಂಬುದು ನಮ್ಮ ಅಭಿಪ್ರಾಯ.

ಬೆರಳಚ್ಚು ಯಂತ್ರದ ಕಾಲದಲ್ಲಿ ಈ ತೊಡಕು ಇರಲಿಲ್ಲ. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆಯ ಯಂತ್ರ ಬರೆಯುತ್ತಿತ್ತು, ಅಷ್ಟೆ. ಗಣಕದ ಕೀಲಿಮಣೆ ಆಜ್ಞೆಯ ಸಾಧನವೂ ಆದಾಗ ಲ್ಯಾಟಿನ್ ಅಕ್ಷರಗಳ 26 ಕೀಲಿಗಳ ಮೇಲೆ ಕನ್ನಡವನ್ನು ಕೂರಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಅದಕ್ಕೆ ಭಾಷಾಶಾಸ್ತ್ರಜ್ಞರು ಮೆಚ್ಚುವಂಥ ಉತ್ತರ ಕೊಟ್ಟವರು ಕೆ. ಪಿ. ರಾವ್. ಅವರ ವಿನ್ಯಾಸದಲ್ಲಿ ಅಲ್ಪಪ್ರಾಣ ಸಣ್ಣಕ್ಷರದಲ್ಲಿದೆ, ಮಹಾಪ್ರಾಣ ಅದೇ ಕೀಲಿಯ ಶಿಫ್ಟ್ ನೆಲೆಯಲ್ಲಿದೆ. 'ಕೆ' ಕೀಲಿ ಕಕಾರವಾದರೆ ಶಿಫ್ಟ್ ಜೊತೆ ಅದು ಖಕಾರ. 'ಎಫ್' ಕೀಲಿ ವಿರಾಮಚಿಹ್ನೆಯನ್ನು, ಅಂದರೆ ಹಲಂತವನ್ನು ಕೊಡುತ್ತದೆ. ಸ್ವರಗಳ ಕೀಲಿ ಪದದ ಮೊದಲಿಗೆ ಬಂದರೆ ಸ್ವರಾಕ್ಷರ, ವ್ಯಂಜನದ ಬಳಿಕ ಬಂದರೆ ಗುಣಿತಚಿಹ್ನೆ. ಒಂದು ಧ್ವನಿಮಾದ ಎರಡು ಲಿಪಿರೂಪಗಳು ಪರಿಸರಕ್ಕೆ ತಕ್ಕಂತೆ ತಾವೇ ಆಯ್ಕೆಯಾಗುತ್ತವೆ. ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿದ ವಿನ್ಯಾಸ ಇದನ್ನೇ ಆಧರಿಸಿದೆ, ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶ ಇದನ್ನು ಊರೂರಿಗೆ ಮುಟ್ಟಿಸಿತು. ಪರಿಷತ್ತಿನ ಸಂಕ್ಷಿಪ್ತನಾಮದಿಂದ 'ಕಗಪ' ಎಂದು ಕರೆಯಲಾಗುವ ಈ ವಿನ್ಯಾಸ ಲಿನಕ್ಸ್ ವ್ಯವಸ್ಥೆಗಳಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಒದಗಿದೆ.

ಇದಕ್ಕೆ ಪ್ರತಿಯಾದದ್ದು ಇನ್‌ಸ್ಕ್ರಿಪ್ಟ್. ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ ಎಂಬ ತತ್ತ್ವದ ಮೇಲೆ 1986ರಲ್ಲಿ ರೂಪುಗೊಂಡ ಈ ವಿನ್ಯಾಸ 1991ರ ಇಸ್ಕಿ ಮಾನಕದೊಡನೆ ಸೇರಿಕೊಂಡಿತು. ಇಲ್ಲಿ ಕೀಲಿಯ ಮೇಲಿನ ಲ್ಯಾಟಿನ್ ಅಕ್ಷರಕ್ಕೂ ಕನ್ನಡ ಧ್ವನಿಗೂ ಸಂಬಂಧವಿಲ್ಲ. 'ಬಿ' ಕೀಲಿ ವಕಾರ, 'ಪಿ' ಕೀಲಿ ಜಕಾರ. ಕಗಪ ಕಲಿತ ಬೆರಳು 'ಬಿ'ಯಲ್ಲಿ ಬಕಾರವನ್ನೂ ಬ್ರಷ್ಷನ್ನೂ ಒಟ್ಟಿಗೆ ನೆನಪಿಡಬಲ್ಲದು. ಇನ್‌ಸ್ಕ್ರಿಪ್ಟ್ ಕಲಿತ ಬೆರಳಿಗೆ ಆ ಅನುಕೂಲವಿಲ್ಲ. ಧ್ವನ್ಯಾತ್ಮಕ ವಿನ್ಯಾಸ ಗೆದ್ದದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನಾವು ಊಹಿಸುತ್ತೇವೆ.

ಇನ್ನು ಅಕ್ಷರದ ಒಳಗಿನ ಕಥೆ. ಪೇಜ್‌ಮೇಕರ್ 1985ರಲ್ಲಿ, ಕೋರೆಲ್‌ಡ್ರಾ 1989ರಲ್ಲಿ ಹೊರಬಂದವು. ಆ ತಂತ್ರಾಂಶಗಳಿಗೆ ಕನ್ನಡ ಗೊತ್ತಿರಲಿಲ್ಲ. ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ತುಂಬಿದ ಫಾಂಟುಗಳೇ ಆಗಿನ ಪರಿಹಾರ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ 'ಕನ್ನಡ'ವನ್ನು ಬೇರೆ ಫಾಂಟಿಗೆ ಬದಲಿಸಿದರೆ ಮೊದಲಿಗೆ ಲ್ಯಾಟಿನ್ನಿನ ದೊಡ್ಡ 'ಪಿ', ಅದರ ಬೆನ್ನಿಗೆ ನೆತ್ತಿಯ ಮೇಲೆ ಗೀಟುಳ್ಳ ದೊಡ್ಡ 'ಎ' ಕಾಣುತ್ತವೆ. 'ಪಿ'ಯ ಸ್ಥಾನದಲ್ಲಿರುವುದು ತಲೆಕಟ್ಟಿಲ್ಲದ ಕಕಾರದ ಒಡಲು, 'ಎ'ಯ ಸ್ಥಾನದಲ್ಲಿರುವುದು ತಲೆಕಟ್ಟು. ಅಂದರೆ ಸಂಕೇತಗೊಂಡದ್ದು ಧ್ವನಿಯೂ ಅಲ್ಲ, ಅಕ್ಷರವೂ ಅಲ್ಲ. ಬರೆಯುವ ಕೈಯ ಚಲನೆ. ಬಳಪ ಹಿಡಿದ ಮಗು ಒಡಲನ್ನು ತಿದ್ದಿ ತಲೆಕಟ್ಟು ಎಳೆಯುವ ಕ್ರಮವೇ ಗಣಕದ ಸ್ಮೃತಿಯಲ್ಲಿ ಕೂತಿತು. ಬರಹದ ರಾಚನಿಕ ಘಟಕ ಯಾವುದೆಂಬ ಚರ್ಚೆಯಲ್ಲಿ ಈ ಫಾಂಟುಗಳನ್ನು ಸಾಕ್ಷ್ಯವಾಗಿ ಬಳಸಿಕೊಳ್ಳಬೇಕಿತ್ತು. ನಮ್ಮ ವಿದ್ವತ್ತು ಅವನ್ನು ಕೇವಲ ತಾಂತ್ರಿಕ ಪೀಡೆಯೆಂದು ಬದಿಗಿಟ್ಟಿತು.

ಈ ಫಾಂಟುಗಳಿಗೆ ತುಣುಕುಗಳನ್ನು ಒದಗಿಸಲು ಹಿನ್ನೆಲೆಯಲ್ಲಿ ಒಂದು ಸಣ್ಣ ತಂತ್ರಾಂಶ ಕೂತು ಕೀಲಿಯೊತ್ತನ್ನು ನಡುವೆಯೇ ತಡೆದು ಬದಲಿಸುತ್ತಿತ್ತು. ತೊಂದರೆ ಆರಂಭವಾಗುವುದು ಅಲ್ಲೇ. ಕನ್ನಡ ಚಾಲೂ ಇರುವಾಗ ಪಠ್ಯಚೌಕದಿಂದ ಹೊರಬಂದು 'ಬಿ' ಒತ್ತಿದರೆ ಕುಂಚ ಬರುವುದಿಲ್ಲ, ಏಕೆಂದರೆ ವಿನ್ಯಾಸ ತಂತ್ರಾಂಶಕ್ಕೆ 'ಬಿ' ತಲುಪುವುದೇ ಇಲ್ಲ. ಆದ್ದರಿಂದ ಭಾಷೆ ಬದಲಿಸುವ ಕೀಲಿಯೊಂದು ಬೇಕಾಯಿತು. ನುಡಿಯಲ್ಲಿ ಅದು ಸ್ಕ್ರೋಲ್ ಲಾಕ್. ಯಾರೂ ಬಳಸದ ಕೀಲಿಯನ್ನು ಆರಿಸಿದ್ದು ಜಾಣತನವೇ. ಆದರೆ ಲ್ಯಾಪ್‌ಟಾಪ್ ಬಂದ ಮೇಲೆ ಯಾರೂ ಬಳಸದ ಕೀಲಿಯೆಂಬ ಕಾರಣಕ್ಕೇ ತಯಾರಕರು ಅದನ್ನು ಕೈಬಿಟ್ಟರು. ಪರದೆಯ ಮೇಲಿನ ಕೀಲಿಮಣೆಯನ್ನು ತೆರೆದು ಇಲಿಯಿಂದ ಆ ಕೀಲಿಯನ್ನು ಒತ್ತುವುದು ಇಂದಿಗೂ ನಡೆಯುತ್ತದೆ. ನಾವು ಬಳಸಿದ ಮತ್ತೊಂದು ವ್ಯವಸ್ಥೆಯಲ್ಲಿ ಬದಲಾವಣೆಯ ಕೀಲಿ ಎಫ್11 ಆಗಿತ್ತು. ಕೋರೆಲ್‌ಡ್ರಾದಲ್ಲಿ ಅದೇ ಕೀಲಿ ಬಣ್ಣದ ಇಳುವರಿಯ ಪೆಟ್ಟಿಗೆಯನ್ನು ತೆರೆಯುತ್ತದೆ! ಆದರೂ ಕೋರೆಲ್‌ಡ್ರಾ ನಮ್ಮ ಅಂಗಡಿಗಳಿಗೆ ಒಗ್ಗಿತು. ಅಲ್ಲಿ ಆಯತಕ್ಕೆ ಎಫ್6, ವೃತ್ತಕ್ಕೆ ಎಫ್7, ಪಠ್ಯಕ್ಕೆ ಎಫ್8. ಅಕ್ಷರವಲ್ಲದ ಕೀಲಿಗಳಾದ್ದರಿಂದ ಅವು ಕನ್ನಡದೊಡನೆ ಜಗಳವಾಡುವುದಿಲ್ಲ.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವನ್ನು ಕೊಟ್ಟಿತು. ವಿಂಡೋಸ್‌ನಲ್ಲಿ ಅದು ನೆಲೆಯಾದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಫಾಂಟಿನೊಡನೆ. ವಿನ್ಯಾಸ ತಂತ್ರಾಂಶಗಳು ಇನ್ನೂ ಒಂದು ದಶಕ ಹಿಂದುಳಿದವು. ಅಡೋಬಿಯ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳನ್ನು ಒಪ್ಪಿಕೊಂಡಿತು. ಫೋಟೊಶಾಪಿನ ಹಿಂದಿನ ಆವೃತ್ತಿಗಳಲ್ಲಿ ಇದು ಆಯ್ಕೆಯ ವಿಷಯವಾಗಿತ್ತು. ಆದ್ಯತೆಗಳ ಪಟ್ಟಿಯಲ್ಲಿ ಪಠ್ಯಯಂತ್ರವನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಹೊಂದಿಸಿ ತಂತ್ರಾಂಶವನ್ನು ಮತ್ತೆ ತೆರೆಯದಿದ್ದರೆ 'ಕ್ಷ' ಎಂಬಲ್ಲಿ ಕಕಾರ, ವಿರಾಮ, ಷಕಾರ ಸಾಲಾಗಿ ನಿಲ್ಲುತ್ತಿದ್ದವು. "ಅಕ್ಷರ ಒಡದಾವ್ರಿ" ಎಂದು ನಮ್ಮ ಭಾಗದಲ್ಲಿ ಹೇಳುವುದು ಇದನ್ನೇ. ದೋಷ ಫಾಂಟಿನದ್ದೂ ಅಲ್ಲ, ಕೀಲಿಮಣೆಯದ್ದೂ ಅಲ್ಲ, ಆದರೆ ಮೊದಲು ಬದಲಾಗುವುದು ಯಾವಾಗಲೂ ಫಾಂಟೇ.

ಆಜ್ಞೆಯ ಕಡೆಗೂ ಯೂನಿಕೋಡ್ ಕಾಲದಲ್ಲಿ ಹೊಸ ತೊಡಕು ಬಂದಿತು. ವಿಂಡೋಸ್ ಪ್ರತಿ ಕೀಲಿಗೂ ಲಿಪಿಯಿಂದ ಬೇರೆಯಾದ ಒಂದು ಆಂತರಿಕ ಸಂಖ್ಯೆಯನ್ನು ಕೊಡುವುದರಿಂದ ಕನ್ನಡ ಇನ್‌ಸ್ಕ್ರಿಪ್ಟ್ ಚಾಲೂ ಇದ್ದರೂ ಕಂಟ್ರೋಲ್-ಝಡ್ ಕೆಲಸವನ್ನು ಹಿಂದಕ್ಕೆ ಪಡೆಯುತ್ತದೆ. ಲಿನಕ್ಸಿನ ಎಕ್ಸ್ ವ್ಯವಸ್ಥೆ ಕೀಲಿಯನ್ನು ಅದು ಮೂಡಿಸುವ ಅಕ್ಷರದಿಂದ ಗುರುತಿಸುತ್ತದೆ; ಅಲ್ಲಿ 'ಝಡ್'ನ ಜಾಗದಲ್ಲಿರುವುದು ಎತ್ವ. ಗಣಕದಲ್ಲಿ ಕನ್ನಡವೊಂದನ್ನೇ ಇಟ್ಟುಕೊಂಡವನಿಗೆ 'ಕಂಟ್ರೋಲ್-ಎತ್ವ' ಎಂಬ ಅರ್ಥವಿಲ್ಲದ ಆಜ್ಞೆ ಸಿಗುತ್ತದೆ. ಪಟ್ಟಿಯಲ್ಲಿ ಇಂಗ್ಲಿಷ್ ವಿನ್ಯಾಸವನ್ನೂ ಉಳಿಸಿಕೊಂಡರೆ ತಂತ್ರಾಂಶಗಳು ಅದನ್ನು ಹುಡುಕಿ ಅರ್ಥಮಾಡಿಕೊಳ್ಳುತ್ತವೆ. ಕನ್ನಡದಲ್ಲಿ ಕೆಲಸ ಮಾಡಲು ಇಂಗ್ಲಿಷ್ ಇರಲೇಬೇಕೆಂಬುದು ಇಲ್ಲಿ ರೂಪಕವಲ್ಲ, ಸೆಟ್ಟಿಂಗ್.

ಕನ್ನಡಕ್ಕೆ ಅನುವಾದಗೊಂಡ ಮುಕ್ತ ತಂತ್ರಾಂಶಗಳ ಮೆನುಗಳಲ್ಲೂ ಇದರ ಗುರುತಿದೆ. ಇಂಗ್ಲಿಷಿನಲ್ಲಿ ಪದದೊಳಗಿನ ಒಂದು ಅಕ್ಷರಕ್ಕೆ ಅಡಿಗೆರೆ ಎಳೆದು ಅದೇ ಶೀಘ್ರಕೀಲಿಯೆಂದು ಸೂಚಿಸುತ್ತಾರೆ. 'ಕಡತ' ಎಂಬಲ್ಲಿ ಕಕಾರಕ್ಕೆ ಗೆರೆ ಎಳೆಯಬಹುದಿತ್ತು. ಆದರೆ 'ಸ್ಥಾನ'ದಲ್ಲಿ? ಕಣ್ಣಿಗೆ ಒಂದೇ ಆದ ಅಕ್ಷರ ಬೆರಳಿಗೆ ನಾಲ್ಕು ಒತ್ತುಗಳು. ಅನುವಾದಕರು ಕಡತದ ಪಕ್ಕದಲ್ಲಿ ಕಂಸ ಹಾಕಿ ಅದರೊಳಗೆ ಅಡಿಗೆರೆಯುಳ್ಳ ಲ್ಯಾಟಿನ್ 'ಎಫ್' ಇಟ್ಟರು. ಚೀನೀ, ಜಪಾನೀ ಅನುವಾದಕರೂ ಹೀಗೆಯೇ ಮಾಡುತ್ತಾರೆ. ಅಕ್ಷರವೇ ಘಟಕವಾದ ಲಿಪಿಯೊಂದು ಒತ್ತುಗಳೇ ಘಟಕವಾದ ಯಂತ್ರದೊಡನೆ ಮಾಡಿಕೊಂಡ ಒಪ್ಪಂದ ಆ ಕಂಸ.

ಮತ್ತೆ ೞಕಾರಕ್ಕೆ ಬರೋಣ. ಯೂನಿಕೋಡ್‌ನಲ್ಲಿ ಅದಕ್ಕೆ ಜಾಗವಿದೆ, ದಶಮಾನ ಸಂಖ್ಯೆ 3294. ಆದರೆ ಅದರ ಅಧಿಕೃತ ಹೆಸರು 'ಫ಼' ಎಂದಾಗಿದೆ. ಯಾವ ಹಳಗನ್ನಡ ವಿದ್ವಾಂಸನೂ ಒಪ್ಪದ ಈ ಹೆಸರು ತಪ್ಪೆಂದು ಯೂನಿಕೋಡ್ ತಾನೇ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಸರಿಯಾದದ್ದನ್ನು ಉಪನಾಮವಾಗಿ ಸೇರಿಸಲಾಗಿದೆ. ಅಕ್ಷರಗಳ ಪಟ್ಟಿಯಲ್ಲಿ ಹೆಸರಿನಿಂದ ಹುಡುಕುವವನಿಗೆ ಪಂಪನ ೞಕಾರ ಫಾರಸಿ ಫ಼ಕಾರದ ವೇಷದಲ್ಲಿ ಸಿಗುತ್ತದೆ.

ಅಣ್ಣಿಗೇರಿಯ ಅಂಗಡಿಯಲ್ಲಿ ಸಾಮಾನ್ಯವಾಗಿ ಹುಡುಕಾಟ ಅಲ್ಲಿಯವರೆಗೆ ಹೋಗಲಾರದು. ಹತ್ತಿರದ ಆಕಾರದ ಅಕ್ಷರವೊಂದನ್ನು ಬರೆದು, ಕೋರೆಲ್‌ಡ್ರಾದಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಅದನ್ನು ವಕ್ರರೇಖೆಗಳಾಗಿಸಿ, ಬಿಂದುಗಳನ್ನು ಎಳೆದು ತಿದ್ದುವುದು ಸುಲಭ. ಮುದ್ರಣಾಲಯದ ಗಣಕದಲ್ಲಿ ಫಾಂಟು ಇರದೆ ಹೋದೀತೆಂಬ ಭಯದಿಂದ ಉಳಿದ ಪಠ್ಯವನ್ನೂ ಅದೇ ಕೀಲಿಯಿಂದ ರೇಖೆಗಳಾಗಿಸುವುದು ರೂಢಿ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಭಿತ್ತಿಪತ್ರ, ಸ್ಮರಣಸಂಚಿಕೆಯ ಮುಖಪುಟ ಹೀಗೆ ಅಂಗಡಿಗಳ ಹಾರ್ಡ್‌ಡಿಸ್ಕುಗಳಲ್ಲಿ ಉಳಿದಿವೆ. ಉತ್ತರ ಕರ್ನಾಟಕದ ಬರಹದ ಭಾಷೆಯನ್ನು ಅಧ್ಯಯನ ಮಾಡಬಯಸುವವರು ಆ ಕಡತಗಳನ್ನು ತೆರೆದಾಗ ಅವರಿಗೆ ಎದುರಾಗುವುದು ಪದಗಳಲ್ಲ, ಪದಗಳ ಆಕಾರಗಳು. ಅವನ್ನು ಓದಲು ಎಪಿಗ್ರಫಿಯ ಕ್ರಮವನ್ನೇ ಅನುಸರಿಸಬೇಕು. ಅಮೃತೇಶ್ವರನ ಅಂಗಳದ ಶಾಸನಗಳಂತೆ ಒಂದೊಂದೇ ಅಕ್ಷರವನ್ನು ಕಣ್ಣಿಂದ ಗುರುತಿಸಿ, ಪಕ್ಕದಲ್ಲಿ ಮತ್ತೆ ಬರೆದುಕೊಳ್ಳಬೇಕು.