ಶಿಲೀಂಧ್ರನಾಶಕ ಕಣ್ಣುಹನಿಗಳು ಮತ್ತು ಕಾರ್ನಿಯದ ತಡೆ

ಕಾರ್ನಿಯದಲ್ಲಿ ಬೂಷ್ಟು ಬೆಳೆದು ವ್ರಣವಾಗುವ ರೋಗವನ್ನು ಮೊದಲು ವರ್ಣಿಸಿದವನು ಜರ್ಮನಿಯ ಗಟಿಂಗೆನ್ ನಗರದ ನೇತ್ರವೈದ್ಯ ಥಿಯೊಡೋರ್ ಲೇಬರ್. 1879ರಲ್ಲಿ ಅವನು ವರದಿ ಮಾಡಿದ ರೋಗಿ ಒಬ್ಬ ರೈತ. ಒಕ್ಕಣೆಯ ವೇಳೆ ಓಟ್ಸ್ ಧಾನ್ಯದ ಹೊಟ್ಟು ಸಿಡಿದು ಆ ರೈತನ ಕಣ್ಣಿಗೆ ಗಾಯವಾಗಿತ್ತು. ಗಾಯದಲ್ಲಿ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ನೆಲೆಯೂರಿತ್ತು. ಭತ್ತದ ಗರಿಯೋ ಮುಳ್ಳೋ ತಗುಲಿ ಇದೇ ವ್ಯಾಧಿಗೆ ಗುರಿಯಾಗುವ ಕೃಷಿಕರು ದಕ್ಷಿಣ ಭಾರತದಲ್ಲಿ ಇಂದಿಗೂ ಅನೇಕರು. ರೋಗದ ಪರಿಚಯವಾದ ಮೇಲೂ ಸುಮಾರು ಎಪ್ಪತ್ತು ವರ್ಷಗಳ ಕಾಲ ಅದಕ್ಕೆ ತಕ್ಕ ಮದ್ದು ದೊರೆಯಲಿಲ್ಲ.

ಮದ್ದು ದೊರೆತರೂ ಅದನ್ನು ಒಳಕ್ಕೆ ಮುಟ್ಟಿಸುವುದು ಸುಲಭವಲ್ಲ. ಕಾರ್ನಿಯದ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಆದರೆ ಅದರ ಹೊರಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ; ಕೊಬ್ಬಿನಲ್ಲಿ ಕರಗುವ ವಸ್ತುವಿಗಲ್ಲದೆ ಅವು ಸುಲಭವಾಗಿ ದಾರಿ ಕೊಡವು. ಅದರ ಕೆಳಗಿನ ನಡುಪದರವಾದರೋ ಬಹುಪಾಲು ನೀರು. ಅಲ್ಲಿ ನೀರಿನಲ್ಲಿ ಕರಗುವ ವಸ್ತುವಿಗೇ ಮನ್ನಣೆ. ಎರಡು ಗುಣಗಳೂ ಉಳ್ಳ ಔಷಧವೇ ಒಳಗಿನ ಜಲರಸವನ್ನು ತಲುಪಬಲ್ಲದು ಎಂಬ ತತ್ತ್ವವನ್ನು ಅಮೆರಿಕದಲ್ಲಿ 1942ರಲ್ಲಿ ಸ್ವಾನ್ ಮತ್ತು ವೈಟ್, 1944ರಲ್ಲಿ ಕೋಗನ್ ಮತ್ತು ಹಿರ್ಷ್ ತಮ್ಮ ಪ್ರಯೋಗಗಳಿಂದ ಸ್ಪಷ್ಟಪಡಿಸಿದರು. ಇದರ ಮೇಲೆ ಕಣ್ಣೀರಿನ ಹಾವಳಿ ಬೇರೆ: ಹಾಕಿದ ಹನಿಯ ಹೆಚ್ಚಿನ ಭಾಗ ಕೆಲವೇ ನಿಮಿಷಗಳಲ್ಲಿ ಕೊಚ್ಚಿಹೋಗುತ್ತದೆ, ಕಣ್ಣಿನೊಳಕ್ಕೆ ಇಳಿಯುವುದು ಸಾಮಾನ್ಯವಾಗಿ ನೂರರಲ್ಲಿ ಐದು ಪಾಲಿಗೂ ಕಡಿಮೆ.

1950ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳಿಂದ ಶಿಲೀಂಧ್ರನಾಶಕಗಳು ಒಂದರ ಹಿಂದೊಂದು ಹೊರಬಂದವು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ನಿಸ್ಟಾಟಿನ್ ಅನ್ನು ಪ್ರಕಟಿಸಿದುದು 1950ರಲ್ಲಿ. ಅನಂತರ ವೆನೆಜುವೇಲಾದ ಒರಿನೋಕೊ ನದೀತೀರದ ಮಣ್ಣು ಆಂಫೋಟೆರಿಸಿನ್ ಬಿ ಎಂಬುದನ್ನೂ, ದಕ್ಷಿಣ ಆಫ್ರಿಕದ ನಟಾಲಿನ ಮಣ್ಣು ನಟಮೈಸಿನ್ ಅನ್ನೂ ನೀಡಿದವು. ಮೇಲಿನ ತತ್ತ್ವದಿಂದ ತೂಗಿ ನೋಡಿದರೆ ಇವು ಅನರ್ಹ ವಸ್ತುಗಳೇ ಸರಿ. ಆಂಫೋಟೆರಿಸಿನ್ನಿನ ಅಣುತೂಕ 924, ನಟಮೈಸಿನ್ನಿನದು 666. ನಟಮೈಸಿನ್ ನೀರಿನಲ್ಲಿ ಅತ್ಯಲ್ಪವಾಗಿ ಕರಗುವುದರಿಂದ ಅದನ್ನು ನೂರಕ್ಕೆ ಐದರ ಪ್ರಮಾಣದ ಬಿಳಿಯ ಗೊಡ್ಡಿನಂತೆ, ಕುಲುಕಿ ಹಾಕಬೇಕಾಗುತ್ತದೆ. ಆದರೂ 1978ರಲ್ಲಿ ಅಮೆರಿಕದ ಸರ್ಕಾರದ ಒಪ್ಪಿಗೆ ಪಡೆದುದು ಈ ಹನಿಯೇ. 1984ರಲ್ಲಿ ಓ'ಡೇ ಮತ್ತು ಸಂಗಡಿಗರು ಮೊಲಗಳ ಕಣ್ಣುಗಳಲ್ಲಿ ನಡೆಸಿದ ಪ್ರಯೋಗ ಹೊರಪದರದ ಅಡ್ಡಿಯನ್ನು ಎತ್ತಿ ತೋರಿಸಿತು: ಆ ಪದರವನ್ನು ಕೆರೆದು ತೆಗೆದಾಗ ಇಂಥ ಔಷಧಗಳ ಫಲ ಹೆಚ್ಚಿತು. ವ್ರಣವನ್ನು ಕೆರೆದು ಮದ್ದು ಹಾಕುವ ವೈದ್ಯರ ರೂಢಿಗೆ ಇದು ಬಲವಾದ ಸಮರ್ಥನೆ.

2002ರಲ್ಲಿ ಬಳಕೆಗೆ ಬಂದ ವೊರಿಕೊನಜೋಲ್ ಈ ಕೊರತೆಯನ್ನೆಲ್ಲ ನೀಗುವಂತೆ ಕಂಡಿತು. ಅದರ ಅಣುತೂಕ 349. ಹನಿಯಾಗಿ ಹಾಕಿದಾಗ ಜಲರಸದಲ್ಲಿ ಅದರ ಸಾಂದ್ರತೆ ಚೆನ್ನಾಗಿಯೇ ಏರಿತು. ಹಳೆಯ ಬಿಳಿಗೊಡ್ಡಿನ ಕಾಲ ಮುಗಿಯಿತೆಂದು ಹಲವರು ಭಾವಿಸಿದುದು ಸಹಜ. ಆದರೆ ಮದುರೆ, ಪುದುಚೇರಿ, ಕೊಯಮತ್ತೂರುಗಳ ಅರವಿಂದ್ ನೇತ್ರಾಲಯಗಳಲ್ಲಿ 323 ಮಂದಿ ರೋಗಿಗಳ ಮೇಲೆ ಎರಡನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲ ತದ್ವಿರುದ್ಧವಾಗಿತ್ತು. ಮೂರು ತಿಂಗಳ ಅನಂತರ ದೃಷ್ಟಿ ಉತ್ತಮವಾಗಿ ಉಳಿದುದು ನಟಮೈಸಿನ್ ಪಡೆದವರಲ್ಲಿ. ಕಾರ್ನಿಯ ತೂತಾಗುವುದು, ಬದಲಿ ಕಸಿಯ ಅಗತ್ಯ ಬೀಳುವುದು ಕಡಿಮೆಯಾದುದೂ ಅವರಲ್ಲಿಯೇ. ಈ ಅಂತರ ಬಹುಮಟ್ಟಿಗೆ ಫ್ಯುಸೇರಿಯಂ ಶಿಲೀಂಧ್ರದ ವ್ರಣಗಳಿಗೆ ಸೇರಿದ್ದು. ಉಳಿದವುಗಳಲ್ಲಿ ಎರಡು ಮದ್ದುಗಳೂ ಹೆಚ್ಚುಕಡಿಮೆ ಸಮನಾಗಿದ್ದವು.

ಪ್ರಯೋಗಾಲಯದ ಅಳತೆ ಸುಳ್ಳಾಯಿತೆಂದು ಇದರಿಂದ ಹೇಳಲಾಗದು. ಅದು ಅಳೆದದ್ದು ಬೇರೊಂದನ್ನು. ವ್ರಣವಾದ ಕಣ್ಣಿನಲ್ಲಿ ಹೊರಪದರ ಆಗಲೇ ಹರಿದಿರುತ್ತದೆ. ಗೊಡ್ಡಿನ ಕಣಗಳು ಆ ಗುಳಿಯಲ್ಲಿಯೇ ಅಂಟಿ ನಿಲ್ಲಬಲ್ಲವು. ಶತ್ರುವಿರುವುದು ಅಲ್ಲಿಯೇ ಹೊರತು ಜಲರಸದಲ್ಲಲ್ಲ. ಜೊತೆಗೆ, ಒಳಹೊಕ್ಕ ವಸ್ತುವಿಗೆ ಆ ಶಿಲೀಂಧ್ರವನ್ನು ಕೊಲ್ಲುವ ಶಕ್ತಿಯೂ ಇರಬೇಕು. ಫ್ಯುಸೇರಿಯಮ್ಮಿನ ಮುಂದೆ ವೊರಿಕೊನಜೋಲಿನ ಬಲ ಬಹಳ ಸಾರಿ ಸಾಲದು. ವ್ರಣ ಆಳಕ್ಕಿಳಿದರೆ ಮಾತ್ರ ಪ್ರವೇಶದ ಪ್ರಶ್ನೆ ಮತ್ತೆ ಪ್ರಬಲವಾಗುತ್ತದೆ. ಅಂಥ ಹಠಮಾರಿ ವ್ರಣಗಳಲ್ಲಿ ನಟಮೈಸಿನ್ನಿನೊಡನೆ ವೊರಿಕೊನಜೋಲನ್ನು ಸೂಜಿಯಿಂದ ನಡುಪದರಕ್ಕೇ ಚುಚ್ಚಿ, ತಡೆಯನ್ನು ಪೂರ್ತಿ ತಪ್ಪಿಸುವ ಯತ್ನವೂ ನಡೆದಿದೆ. 2013ರಲ್ಲಿಯೇ ಪ್ರಕಟವಾದ, 40 ಮಂದಿ ರೋಗಿಗಳ ಭಾರತೀಯ ಅಧ್ಯಯನವೊಂದರಲ್ಲಿ ಆ ಚುಚ್ಚುಮದ್ದು ಅದೇ ಔಷಧದ ಹನಿಗಿಂತ ಮೇಲೆನಿಸಲಿಲ್ಲ.